ಮಲ್ಲಿಗೆಗೆ ಕತ್ತರಿ, ಹೀರೆಗೆ ಸಂಜೆ

ಮೈಸೂರಿನ ನಮ್ಮ ಮನೆಯ ತಾರಸಿ 30 ಅಡಿ ಉದ್ದ, 20 ಅಡಿ ಅಗಲ. ಅದರ ಮೇಲೆ ಈಗ 46 ಕುಂಡಗಳಿವೆ. ಏಳು ವರ್ಷದ ಹಿಂದೆ ಇದನ್ನು ಶುರು ಮಾಡಿದ್ದು ಯುಗಾದಿ ಮುಗಿದ ವಾರದಲ್ಲಿ. ಹೊಸ ವರ್ಷ, ಎಲ್ಲೆಲ್ಲೂ ಚಿಗುರು, ಬೀಜ ಹಾಕಲು ಇದಕ್ಕಿಂತ ಒಳ್ಳೆಯ ಕಾಲ ಯಾವುದಿದೆ ಎಂದುಕೊಂಡಿದ್ದೆ. ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿ, ಚೆಂಡು ಹೂ ಎಲ್ಲವೂ ಮೊಳೆತವು. ಹದಿನೈದು ದಿನದೊಳಗೆ ಎಲ್ಲವೂ ಬಾಡಿದವು. ಮೇಲೆ ಏಪ್ರಿಲ್ ಬಿಸಿಲು, ಕೆಳಗೆ ಕಾದ ಸಿಮೆಂಟು, ನಡುವೆ ಕಪ್ಪು ಪ್ಲಾಸ್ಟಿಕ್ ಕುಂಡ. ಮಧ್ಯಾಹ್ನ ಮಣ್ಣಿನೊಳಗೆ ಬೆರಳು ಇಟ್ಟರೆ ಚುರುಕ್ ಎನ್ನುತ್ತಿತ್ತು. ಅಷ್ಟು ಎಳೆಯ ಬೇರು ಆ ಬಿಸಿಯನ್ನು ತಡೆಯುವುದಾದರೂ ಹೇಗೆ?

ನಮ್ಮ ಸೀಮೆಯಲ್ಲಿ ವಸಂತವೆಂದರೆ ಹಿಮ ಕರಗಿ ನೆಲ ತೆರೆದುಕೊಳ್ಳುವ ಕಾಲವಲ್ಲ. ಬೇಸಿಗೆಯ ಬಾಗಿಲಿಗೆ ಇರುವ ಸಣ್ಣ ಜಗುಲಿ ಅದು. ಯುಗಾದಿಯ ಹೊತ್ತಿಗೆ ಗಿಡ ಮೊಳಕೆಯಾಗಿರಬಾರದು, ಬೇರು ಬಿಟ್ಟು ನಿಂತಿರಬೇಕು. ಹಾಗಾಗಿ ನನ್ನ ಮುಖ್ಯ ಕೆಲಸವೆಲ್ಲ ಸಂಕ್ರಾಂತಿಗೂ ಶಿವರಾತ್ರಿಗೂ ನಡುವೆ ಮುಗಿಯುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡುತ್ತದೆ ಎನ್ನುತ್ತಾರಲ್ಲ, ಆ ಮಾತನ್ನೇ ನಾನು ಗಡುವಾಗಿ ಇಟ್ಟುಕೊಂಡಿದ್ದೇನೆ.

ಮೊದಲು ಮಣ್ಣು. ಹಳೆಯ ಕುಂಡಗಳ ಮಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಬೇರುಗಳನ್ನು ಆರಿಸಿ ತೆಗೆದು, ನಾಲ್ಕೈದು ದಿನ ಬಿಸಿಲಿಗೆ ಬಿಡುತ್ತೇನೆ. ಆಮೇಲೆ ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಮಣ್ಣು ಗಟ್ಟಿಯಾಗಿದ್ದರೆ ತೆಂಗಿನ ನಾರಿನ ಪುಡಿಯನ್ನೂ ಸೇರಿಸುತ್ತೇನೆ. ಅದನ್ನು ನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ ಹಿಂಡಿಯೇ ಬಳಸಬೇಕು, ಇಲ್ಲದಿದ್ದರೆ ಅದರಲ್ಲಿರುವ ಉಪ್ಪು ಬೇರಿಗೆ ತಾಗುತ್ತದೆ. ಬೆರೆಸಿದ ಮಣ್ಣನ್ನು ಹತ್ತು ದಿನ ತೇವದಲ್ಲಿಟ್ಟ ಮೇಲೆ ಬಿತ್ತನೆ. ಕುಂಡಗಳೆಲ್ಲ ಇಟ್ಟಿಗೆಯ ಮೇಲೆ ಕೂತಿವೆ. ಇದರಿಂದ ತಾರಸಿಗೆ ತೇವ ಇಳಿಯುವುದಿಲ್ಲ, ಕಾದ ಸಿಮೆಂಟಿನ ಬಿಸಿ ಕುಂಡಕ್ಕೆ ಏರುವುದಿಲ್ಲ.

ಇದೇ ದಿನಗಳಲ್ಲಿ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಬೆಳಿಗ್ಗೆ ಬೀದಿ ಗುಡಿಸುವವರು ರಾಶಿ ಮಾಡಿಟ್ಟದ್ದನ್ನು ಕೇಳಿ, ಗೋಣಿಚೀಲಕ್ಕೆ ತುಂಬಿಸಿ ತರುತ್ತೇನೆ. ನಾಲ್ಕು ಚೀಲ ಎಲೆಯಿದ್ದರೆ ಬೇಸಿಗೆಯಿಡೀ ಕುಂಡಗಳ ಬಾಯಿಗೆ ಎರಡು ಅಂಗುಲ ಹೊದಿಕೆ ಹಾಸಬಹುದು. ಹೊದಿಕೆಯಿರುವ ಕುಂಡಕ್ಕೆ ಮಾರ್ಚ್‌ನಲ್ಲಿ ದಿನಕ್ಕೊಮ್ಮೆ ನೀರು ಸಾಕು, ಇಲ್ಲದ್ದಕ್ಕೆ ಎರಡು ಸಲ ಬೇಕು. ಹಣ ಕೊಟ್ಟು ಕೊಂಡ ಯಾವ ವಸ್ತುವೂ ನನ್ನ ತೋಟಕ್ಕೆ ಇಷ್ಟು ಉಪಕಾರ ಮಾಡಿಲ್ಲ.

ಇನ್ನು ಮಲ್ಲಿಗೆಯ ಮಾತು. ನಮ್ಮ ಅತ್ತೆ ತಮ್ಮ ಊರಿನಿಂದ ತಂದ ಒಂದು ಗೆಲ್ಲು ಈಗ ದೊಡ್ಡ ಕುಂಡದ ತುಂಬ ದುಂಡು ಮಲ್ಲಿಗೆಯಾಗಿದೆ. ಮೊದಲ ಎರಡು ವರ್ಷ ನಾನು ಅದಕ್ಕೆ ತಪ್ಪದೆ ನೀರು ಹಾಕಿದೆ, ತಿಂಗಳಿಗೊಮ್ಮೆ ಎರೆಗೊಬ್ಬರ ಹಾಕಿದೆ. ಬಳ್ಳಿ ಹಚ್ಚಗೆ ಹಬ್ಬಿತು, ಹೂ ಮಾತ್ರ ಬೆರಳೆಣಿಕೆಯಷ್ಟು. ಮೂರನೆಯ ವರ್ಷ ಡಿಸೆಂಬರ್ ಕೊನೆಯಲ್ಲಿ ಅತ್ತೆ ನನ್ನ ಕೈಯಿಂದ ನೀರಿನ ಕ್ಯಾನು ತೆಗೆದುಕೊಂಡರು.

"ಇನ್ನು ಮೂರು ವಾರ ಇದಕ್ಕೆ ನೀರು ಹಾಕಬೇಡಮ್ಮ. ಸ್ವಲ್ಪ ಬಾಯಾರಲಿ."

"ಒಣಗಿ ಹೋದರೆ ಅತ್ತೆ?"

"ಎಲೆ ಮಂಕಾಗುತ್ತದೆ, ಕಾಂಡ ಒಣಗುವುದಿಲ್ಲ. ಉಗುರಿನಿಂದ ಗೀರಿ ನೋಡು, ಒಳಗೆ ಹಸಿರಿದ್ದರೆ ಹೆದರಬೇಡ."

ಸಂಕ್ರಾಂತಿಯ ಮಾರನೆಯ ದಿನ ಅವರು ಕತ್ತರಿ ಹಿಡಿದು ಕೂತರು. ನೆಲದಿಂದ ಒಂದು ಮೊಳ ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸಿದರು. ಒಣಗಿದ ಕಡ್ಡಿ, ಒಳಮುಖವಾಗಿ ಬೆಳೆದ ಗೆಲ್ಲು, ಪೆನ್ಸಿಲ್‌ಗಿಂತ ಸಣ್ಣ ರೆಂಬೆ ಯಾವುದನ್ನೂ ಬಿಡಲಿಲ್ಲ. ಉಳಿದ ಎಲೆಗಳನ್ನು ಕೈಯಿಂದಲೇ ಸವರಿ ತೆಗೆದರು. ಕುಂಡದಲ್ಲಿ ಉಳಿದದ್ದು ಏಳೆಂಟು ಬೋಳು ಕಡ್ಡಿ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮೇಲಿನ ಎರಡು ಅಂಗುಲ ಮಣ್ಣನ್ನು ಕೆರೆದು ತೆಗೆದು, ಆ ಜಾಗಕ್ಕೆ ಕೊಟ್ಟಿಗೆ ಗೊಬ್ಬರ ತುಂಬಿ, ಒಂದು ಹಿಡಿ ಹೊಂಗೆ ಹಿಂಡಿ ಉದುರಿಸಿ, ಆ ಮೇಲೆಯೇ ಕುಂಡದ ತಳದಿಂದ ಹರಿದುಬರುವಷ್ಟು ನೀರು ಹಾಕಿದರು.

ಎರಡು ವಾರಕ್ಕೆ ಪ್ರತಿ ಗೆಣ್ಣಿನಲ್ಲೂ ಜೋಡಿ ಚಿಗುರು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಹಳೆಯ ಕಡ್ಡಿಯಲ್ಲಲ್ಲ. ನಾನು ಎರಡು ವರ್ಷ ಸಾಕಿದ್ದು ಆ ಹಳೆಯ ಕಡ್ಡಿಗಳನ್ನು. ಮಾರ್ಚ್ ನಡುವಿಗೆ ಒಂದು ಸಂಜೆ ನಾವಿಬ್ಬರೂ ಎಣಿಸಿ ಬಿಡಿಸಿದ ಮೊಗ್ಗು 112. ಅತ್ತೆ ಬಾಳೆನಾರಿನಲ್ಲಿ ಕಟ್ಟಿ ಮೊದಲ ಮಾಲೆಯನ್ನು ದೇವರಿಗೆ ಹಾಕಿದರು, ಉಳಿದ ಒಂದು ತುಂಡನ್ನು ನನಗೆ ಮುಡಿಸಿದರು. ಈಗ ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಕತ್ತರಿಸುವ ದಿನ ಕುಂಡವನ್ನು ಫೋನಿನಲ್ಲಿ ತೋರಿಸುತ್ತಾ, ಅವರು ಹೇಳಿದ ಕಡೆ ಕತ್ತರಿ ಹಾಕುತ್ತೇನೆ.

ಸೊಪ್ಪಿನ ವಿಷಯದಲ್ಲಿ ಕೊತ್ತಂಬರಿಗೆ ಮಾತ್ರ ಅವಸರ. ಅಡುಗೆಮನೆಯ ಧನಿಯಾ ಕಾಳನ್ನೇ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಚೆಲ್ಲುತ್ತೇನೆ. ಮೊಳೆಯಲು ಹತ್ತು ದಿನವಾದರೂ ಬೇಕು. ಜನವರಿ, ಫೆಬ್ರವರಿಯಲ್ಲಿ ಹದಿನೈದು ದಿನಕ್ಕೊಂದು ಕುಂಡದಂತೆ ಬಿತ್ತಿದರೆ ಸೊಪ್ಪು ಸಿಗುತ್ತಲೇ ಇರುತ್ತದೆ. ಬಿಸಿಲೇರಿದ ಮೇಲೆ ಬಿತ್ತಿದ್ದು ಎಲೆ ಕೊಡದೆ ನೇರ ಹೂವಿಗೆ ಹೋಗುತ್ತದೆ. ಮಾರ್ಚ್ ಕೊನೆಗೆ ಅದನ್ನು ಬಿಟ್ಟು ಹರಿವೆ, ದಂಟು ಹಾಕುತ್ತೇನೆ. ಅವು ಬಿಸಿಲಿಗೆ ಹೆದರುವುದಿಲ್ಲ, ಇಪ್ಪತ್ತೈದು ದಿನಕ್ಕೆ ಸಾರಿಗೆ ಬರುತ್ತವೆ. ಪುದೀನ ಮಾರುಕಟ್ಟೆಯಿಂದ ತಂದ ಕಟ್ಟಿನದೇ ಕಡ್ಡಿ, ಲೋಟದ ನೀರಿನಲ್ಲಿ ವಾರ ಇಟ್ಟರೆ ಬೇರು ಬಿಡುತ್ತದೆ. ದೊಡ್ಡಪತ್ರೆಯಂತೂ ಮುರಿದು ನೆಟ್ಟರೆ ಸಾಕು, ಬೇಸಿಗೆಯಿಡೀ ತಂಬುಳಿಗೆ ಎಲೆ. ಕಾಮಕಸ್ತೂರಿಯ ಎರಡು ಗಿಡಗಳನ್ನು ಬೀಜಕ್ಕಾಗಿಯೇ ಬೆಳೆಸುತ್ತೇನೆ, ನೀರಿನಲ್ಲಿ ನೆನೆಸಿ ಪಾನಕಕ್ಕೆ ಹಾಕಲು.

ತರಕಾರಿಯಲ್ಲಿ ಬೆಂಡೆಗೆ ನಾನು ನಂಬಿರುವುದು ಅರ್ಕಾ ಅನಾಮಿಕಾ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು. ಎಲೆಯ ನರಗಳು ಹಳದಿಯಾಗುವ ರೋಗವನ್ನು ತಡೆಯಲೆಂದೇ ರೂಪಿಸಿದ್ದು. ಆ ರೋಗವನ್ನು ಹರಡುವ ಬಿಳಿನೊಣ ಬಿಸಿಲು ಹೆಚ್ಚಿದಂತೆ ಹೆಚ್ಚುತ್ತದೆ. ಆದ್ದರಿಂದ ಫೆಬ್ರವರಿಯಲ್ಲೇ ಹರಳೆಣ್ಣೆ ಸವರಿದ ಹಳದಿ ರಟ್ಟುಗಳನ್ನು ಗಿಡದ ಎತ್ತರಕ್ಕೆ ಕಟ್ಟುತ್ತೇನೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ಬೆರೆಯಲು ಅಂಟುವಾಳದ ರಸ ಎರಡು ಚಮಚ, ಇದನ್ನು ವಾರಕ್ಕೊಮ್ಮೆ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸುತ್ತೇನೆ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಹೀರೆ ನನ್ನನ್ನು ತುಂಬ ಕಾಡಿಸಿತು. ಜನವರಿ ಕೊನೆಯ ವಾರ ಹಾಕಿದ ಬೀಜ ಮಾರ್ಚ್ ಎರಡನೆಯ ವಾರಕ್ಕೆ ಹೂವಾಗುತ್ತಿತ್ತು. ಗೊಂಚಲಾಗಿ ಬರುವುದು ಗಂಡು ಹೂ. ಹೆಣ್ಣು ಹೂ ಒಂಟಿ, ಅದರ ಬುಡದಲ್ಲಿ ಕಿರುಬೆರಳಿನಷ್ಟು ಎಳೆಯ ಹೀರೆಕಾಯಿ ಮೊದಲೇ ಇರುತ್ತದೆ. ಆ ಕಾಯಿ ಮೂರು ದಿನಕ್ಕೆ ಹಳದಿಯಾಗಿ ಉದುರಿಬಿಡುತ್ತಿತ್ತು. ಜೇನು ಬರುವುದಿಲ್ಲವೆಂದು ಚೆಂಡು ಹೂ ಬೆಳೆಸಿದೆ. ಬೆಳಿಗ್ಗೆ ತುಡುವೆ ಜೇನು ಬಂದವು, ಹೀರೆಯತ್ತ ಸುಳಿಯಲಿಲ್ಲ. ನಾನೇ ಬೆಳಿಗ್ಗೆ ಏಳಕ್ಕೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾಗಿಸಿದೆ. ಆದರೂ ಕಾಯಿ ಉದುರುವುದು ನಿಲ್ಲಲಿಲ್ಲ.

ಒಂದು ದಿನ ಕಚೇರಿಯಿಂದ ಬಂದವಳು ಒಣಗಿದ ಬಟ್ಟೆ ತರಲು ಆರು ಗಂಟೆಗೆ ತಾರಸಿಗೆ ಹೋದೆ. ಹೀರೆ ಬಳ್ಳಿಯ ತುಂಬ ಹಳದಿ ಹೂ, ಆಗತಾನೇ ಬಿರಿದಿವೆ! ದಳ ಇನ್ನೂ ಸುಕ್ಕುಸುಕ್ಕಾಗಿದ್ದು, ನೋಡುತ್ತಿದ್ದಂತೆ ಬಿಚ್ಚಿಕೊಳ್ಳುತ್ತಿದ್ದವು. ಹೀರೆ ಅರಳುವುದು ಸಂಜೆ. ನಾನು ಬೆಳಿಗ್ಗೆ ಕಾಣುತ್ತಿದ್ದದ್ದು ಹಿಂದಿನ ಸಂಜೆಯ ಹೂ, ಅದರ ಕೆಲಸದ ಹೊತ್ತು ಆಗಲೇ ಮುಗಿದಿರುತ್ತಿತ್ತು. ಸೋರೆಯೂ ಹೀಗೆಯೇ ಸಂಜೆಯದು. ಹಾಗಲ, ತುಪ್ಪದ ಹೀರೆ ಬೆಳಗಿನವು. ಆವತ್ತೇ ಒಂದು ಗಂಡು ಹೂವಿನ ದಳ ಕಿತ್ತು, ಪುಡಿ ಬೆರಳಿಗೆ ಅಂಟುತ್ತದೆಯೇ ಎಂದು ನೋಡಿ, ಹೆಣ್ಣು ಹೂವಿನ ನಡುವಿನ ಹಸಿರು ಗುಬುಟಿಗೆ ಮೆತ್ತಗೆ ಸವರಿದೆ. ಮೂರು ಹೆಣ್ಣು ಹೂಗಳಿಗೆ ಸವರಿ, ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಐದನೆಯ ದಿನ ದಾರ ಕಟ್ಟಿದ ಮೂರೂ ಕಾಯಿ ಗೇಣುದ್ದವಾಗಿದ್ದವು. ದಾರವಿಲ್ಲದವು ಕೆಳಗೆ ಬಿದ್ದಿದ್ದವು.

ಈಗ ಮಾರ್ಚ್‌ನಿಂದ ಸಂಜೆ ಆರರ ಹೊತ್ತು ಹೀರೆಗೆ ಮೀಸಲು. ನೆಂಟರು ಬಂದಿದ್ದರೂ ಐದು ನಿಮಿಷ ಮೇಲೆ ಹೋಗಿ ಬರುತ್ತೇನೆ. ಕಳೆದ ಯುಗಾದಿಯ ಊಟಕ್ಕೆ ನಮ್ಮದೇ ಹೀರೆಯ ಪಲ್ಯ, ಮಾರನೆಯ ದಿನ ಸಿಪ್ಪೆಯ ಚಟ್ನಿ. ಪ್ರತಿ ವರ್ಷ ಬಳ್ಳಿಯ ಬುಡದ ಹತ್ತಿರದ ಒಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆ ಬಿಡುತ್ತೇನೆ. ಅದು ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುವವರೆಗೆ ಯಾರೂ ಮುಟ್ಟುವಂತಿಲ್ಲ. ಆಮೇಲೆ ತುದಿ ಮುರಿದು ಕಪ್ಪು ಬೀಜಗಳನ್ನು ಅಂಗೈಗೆ ಸುರಿದುಕೊಂಡು, ಬೂದಿಯಲ್ಲಿ ಬೆರೆಸಿ, ಗಾಜಿನ ಬಾಟಲಿಗೆ ಹಾಕಿ ದಿನಾಂಕ ಬರೆಯುತ್ತೇನೆ. ಈ ವರ್ಷ ಬಿತ್ತಿರುವುದು ಅದರಲ್ಲಿನ ಆರು ಬೀಜ. ಐದು ಮೊಳೆತಿವೆ, ಎರಡಕ್ಕೆ ನಿನ್ನೆ ಕುಡಿ ಬಂದಿದೆ. ಭಾನುವಾರ ಚಪ್ಪರಕ್ಕೆ ದಾರ ಕಟ್ಟಬೇಕು.