ಅಮೆರಿಕದ ಡಕ್ ಸ್ಟ್ಯಾಂಪ್: ಎಲ್ಲಿ ಕೊಳ್ಳುವುದು, ಹೇಗೆ ಬಳಸುವುದು

ಅಮೆರಿಕದಲ್ಲಿದ್ದೀರಾ? ಹಕ್ಕಿ ನೋಡುವ ಹುಚ್ಚಿದೆಯಾ? ಹಾಗಿದ್ದರೆ ಜುಲೈ ಬಂದಾಗ 25 ಡಾಲರ್ ಕೊಟ್ಟು ಒಂದು ಡಕ್ ಸ್ಟ್ಯಾಂಪ್ ಕೊಳ್ಳಿ, ಅಂದರೆ ಸರ್ಕಾರ ಪ್ರತಿ ವರ್ಷ ಹೊರಡಿಸುವ ನೀರುಹಕ್ಕಿ ಚಿತ್ರದ ಚೀಟಿ. ಹೆಸರಿಗೆ ಸ್ಟ್ಯಾಂಪ್ ಅಷ್ಟೇ, ಇದನ್ನು ಹಚ್ಚಿ ಕಾಗದ ಹಾಕಿದರೆ ಹೋಗುವುದಿಲ್ಲ. ಬಾತು, ಹೆಬ್ಬಾತುಗಳ ಬೇಟೆಗೆ ಹೋಗುವ 16 ವರ್ಷ ತುಂಬಿದವರ ಹತ್ತಿರ ಇದು ಇರಲೇಬೇಕು.

ಬೇಟೆ ಅಂದ ಕೂಡಲೇ ನಮ್ಮವರು ಹಿಂದೆ ಸರಿಯುತ್ತಾರೆ. ನ್ಯೂಜೆರ್ಸಿಗೆ ಬಂದಿದ್ದ ನಮ್ಮ ಅತ್ತೆ ಫ್ರಿಜ್ ಮೇಲಿದ್ದ ಸ್ಟ್ಯಾಂಪ್ ನೋಡಿ, "ಏನೇ ಇದು, ಹಕ್ಕಿ ಕೊಲ್ಲೋಕೆ ಲೈಸೆನ್ಸಾ? ಮೊಟ್ಟೆನೂ ಮುಟ್ಟದ ಮನೇಲಿ?" ಅಂದರು. "ಕೊಂಡವರೆಲ್ಲ ಬಂದೂಕು ಹಿಡೀಬೇಕು ಅಂತೇನಿಲ್ಲ ಅತ್ತೆ, ದುಡ್ಡು ಹಕ್ಕಿಗಳ ಜಾಗ ಉಳಿಸೋಕೆ ಹೋಗುತ್ತೆ" ಅಂದೆ. ಪ್ರತಿ ಡಾಲರಿನಲ್ಲಿ 98 ಸೆಂಟ್ ವಲಸೆ ಹಕ್ಕಿಗಳ ಸಂರಕ್ಷಣಾ ನಿಧಿಗೆ ಸೇರುತ್ತದೆ. ಆ ದುಡ್ಡಿನಿಂದ ಸರ್ಕಾರ ಜೌಗು ಭೂಮಿಯನ್ನು ಕೊಂಡುಕೊಳ್ಳುತ್ತದೆ. ಇಲ್ಲವೇ ಜಮೀನಿನವರ ಜೊತೆ ಒಪ್ಪಂದ ಮಾಡಿಕೊಂಡು, ನೀರು ಬಸಿದು ಉಳುಮೆ ಮಾಡದ ಹಾಗೆ ನೋಡಿಕೊಳ್ಳುತ್ತದೆ. 1934ರಲ್ಲಿ ಈ ಸ್ಟ್ಯಾಂಪಿನ ಕಾನೂನಿಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದಾಗ ಬರಗಾಲ ಬೇರೆ, ಬಾತುಗಳು ಕಣ್ಣೆದುರೇ ಕಡಿಮೆಯಾಗುತ್ತಿದ್ದವು. ಮೊದಲ ಸ್ಟ್ಯಾಂಪಿನ ಬೆಲೆ 1 ಡಾಲರ್. ನೀರಿಗಿಳಿಯುತ್ತಿರುವ ಮಲ್ಲಾರ್ಡ್ ಬಾತುಗಳ ಜೋಡಿಯ ಆ ಚಿತ್ರ ಬರೆದವರು ಜೇ ಎನ್. 'ಡಿಂಗ್' ಡಾರ್ಲಿಂಗ್, ಪತ್ರಿಕೆಯ ವ್ಯಂಗ್ಯಚಿತ್ರಕಾರ! ಅಲ್ಲಿಂದ ಇಲ್ಲಿಯವರೆಗೆ ಉಳಿದಿರುವ ಜಾಗ 60 ಲಕ್ಷ ಎಕರೆ ಮುಟ್ಟಿದೆ.

ಕೊಳ್ಳುವುದು ಸುಲಭ. ದೊಡ್ಡ ಅಂಚೆ ಕಚೇರಿಗಳಲ್ಲಿ, ಬೇಟೆ ಸಾಮಾನಿನ ಅಂಗಡಿಗಳಲ್ಲಿ, ಕೆಲವು ವನ್ಯಜೀವಿ ಧಾಮಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಎಲ್ಲ ಅಂಚೆ ಕಚೇರಿಯಲ್ಲೂ ಇಟ್ಟಿರುವುದಿಲ್ಲ, ಮೊದಲೇ ಫೋನ್ ಮಾಡಿ. ಇ-ಸ್ಟ್ಯಾಂಪ್ ಅಂತಲೂ ಇದೆ, ಆದರೆ ಅದನ್ನು ಕೊಂಡವರಿಗೆ ಕಾಗದದ ಸ್ಟ್ಯಾಂಪ್ ಬರುವುದು ಬೇಟೆಯ ಕಾಲ ಮುಗಿದು ಮಾರ್ಚ್ ಬಂದ ಮೇಲೆ. ಚಿತ್ರ ಬೇಕು ಅನ್ನುವವರು ಕಾಗದದ್ದನ್ನೇ ತೆಗೆದುಕೊಳ್ಳಿ. ಡಾಲರ್ ನೋಟಿನ ಅಳತೆಯ ಹಾಳೆಯ ಮೇಲೆ ಅಂಟಿಸಿ ಕೊಡುತ್ತಾರೆ. ಬೇಟೆಗಾರರು ಅದರ ಮೇಲೆ ಪೆನ್ನಿನಲ್ಲಿ ಸಹಿ ಹಾಕಲೇಬೇಕು. ಸಂಗ್ರಹಕ್ಕೆ ಅಂತ ಕೊಂಡವರು ಸುಮ್ನೆ ಹಾಗೇ ಇಡಿ.

ಇನ್ನೊಂದು ಲಾಭವಿದೆ. ಪ್ರವೇಶ ಶುಲ್ಕ ಇರುವ ಯಾವುದೇ ರಾಷ್ಟ್ರೀಯ ವನ್ಯಜೀವಿ ಧಾಮಕ್ಕೆ ಇದೇ ಪಾಸ್. ನಮಗೆ ಹತ್ತಿರದ್ದು ಅಟ್ಲಾಂಟಿಕ್ ಸಿಟಿ ಪಕ್ಕದ ಎಡ್ವಿನ್ ಬಿ. ಫೋರ್ಸೈತ್ ಧಾಮ. ಅಲ್ಲಿ 8 ಮೈಲಿಯ ಮಣ್ಣಿನ ದಾರಿ ನೀರಿನ ನಡುವೆ ಸುತ್ತಿ ಬರುತ್ತದೆ. ಚಳಿಗಾಲದಲ್ಲಿ ಹೋಗಿ. ಬಿಳಿ ಸ್ನೋ ಗೂಸ್‌ಗಳ ಹಿಂಡು ಕೆಸರಲ್ಲಿ ಕೊಕ್ಕು ಊರಿ ಬೇರು ಕೀಳುತ್ತಿರುತ್ತದೆ, ಹಿಂದೆ ದೂರದಲ್ಲಿ ಕ್ಯಾಸಿನೋ ಕಟ್ಟಡಗಳು. ಕಾರಿನಿಂದ ಇಳಿಯಬೇಡಿ, ಕಿಟಕಿ ಇಳಿಸಿ ಸಾಕು. ಕಾರಿಗೆ ಹೆದರದ ಹಕ್ಕಿ ಮನುಷ್ಯನಿಗೆ ಹೆದರುತ್ತದೆ.

ಮನೆಯಲ್ಲಿ ಬಣ್ಣ ಹಚ್ಚುವ ಮಕ್ಕಳಿದ್ದರೆ ಜೂನಿಯರ್ ಡಕ್ ಸ್ಟ್ಯಾಂಪ್ ಸ್ಪರ್ಧೆ ಇದೆ. ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿವರೆಗೆ. ಕೊನೆಯ ದಿನ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವೀಸಾ ಮೇಲಿರುವ ಮಕ್ಕಳು ಯಾರು ಸೇರಬಹುದು ಅನ್ನುವ ನಿಯಮವನ್ನು ಮೊದಲು ಓದಿ, ಆಮೇಲೆ ಬಣ್ಣ ತೆಗೆಯಿರಿ. ಗೆದ್ದ ಚಿತ್ರದ ಸ್ಟ್ಯಾಂಪಿಗೆ 5 ಡಾಲರ್, ಆ ದುಡ್ಡು ಮಕ್ಕಳ ಪರಿಸರ ಪಾಠಕ್ಕೆ.

ಡಕ್ ಸ್ಟ್ಯಾಂಪಿನ ಚಿತ್ರವನ್ನು ಪ್ರತಿ ವರ್ಷ ಆರಿಸುವ ದೊಡ್ಡವರ ಸ್ಪರ್ಧೆ ಎಲ್ಲರಿಗೂ ತೆರೆದದ್ದು 1949ರ ಸುಮಾರಿಗೆ. ಚಿತ್ರದ ಅಳತೆ ಅಡ್ಡಕ್ಕೆ 10 ಇಂಚು, ಎತ್ತರ 7. ಆ ವರ್ಷದ ಪಟ್ಟಿಯಲ್ಲಿರುವ ಹಕ್ಕಿಯನ್ನೇ ಬರೆಯಬೇಕು. ಮುಂದೆ ಹೆಸರು, ಸಹಿ ಏನೂ ಕಾಣಬಾರದು. ನಿಯಮ ಪ್ರತಿ ವರ್ಷ ಓದಿಕೊಳ್ಳಿ. 2020ರಲ್ಲಿ ಚಿತ್ರದೊಳಗೆ ಬೇಟೆಯ ಗುರುತು ಏನಾದರೂ ಇರಲೇಬೇಕು ಅಂದಿದ್ದರು, ಆಮೇಲೆ ಕೈಬಿಟ್ಟರು. ನನ್ನ ಕೇಳಿದರೆ ಒಳ್ಳೆಯದೇ ಆಯ್ತು. ನನ್ನದೊಂದು ಸಲಹೆ: ಅರ್ಧ ಬರೆದ ಮೇಲೆ ಫೋನಿನಲ್ಲಿ ಫೋಟೋ ತೆಗೆದು ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಕತ್ತು ಎಲ್ಲಿ, ರೆಕ್ಕೆ ಎಲ್ಲಿ ಅಂತ ತಿಳಿಯದಿದ್ದರೆ ಹಿನ್ನೆಲೆಯ ಹುಲ್ಲು ಜಾಸ್ತಿಯಾಗಿದೆ ಅಂತ ಅರ್ಥ. ಗೆದ್ದರೆ ಸರ್ಕಾರ ದುಡ್ಡು ಕೊಡಲ್ಲ, ಸಿಗುವುದು ತಮ್ಮ ಚಿತ್ರವಿರುವ ಸ್ಟ್ಯಾಂಪಿನ ಒಂದು ಹಾಳೆ. ಸಂಪಾದನೆ ಆಗುವುದು ಆಮೇಲೆ, ಚಿತ್ರದ ಮುದ್ರಿತ ಪ್ರತಿಗಳನ್ನು ಮಾರುವುದರಿಂದ. ಮಿನ್ನೆಸೋಟದ ಹಾಟ್‌ಮನ್ ಅಣ್ಣತಮ್ಮಂದಿರು ಮೂವರೂ ಮತ್ತೆ ಮತ್ತೆ ಗೆದ್ದವರು.

ಇಲ್ಲಿ ಒಂದು ವಿಷಯ ಜನ ಗಮನಿಸುವುದಿಲ್ಲ. ಗೋಡೆಗೆ ಹಾಕುವ ಪ್ರಿಂಟ್ ಕೊಂಡರೆ ದುಡ್ಡು ಕಲಾವಿದರಿಗೆ ಹೋಗುತ್ತದೆ. ತಪ್ಪೇನಿಲ್ಲ, ಅದು ಅವರ ಹೊಟ್ಟೆಪಾಡು. ಹಳೇ ಸ್ಟ್ಯಾಂಪನ್ನು ಸಂಗ್ರಾಹಕರಿಂದ ಕೊಂಡರೆ ಅದು ಮಾರಿದವರಿಗೆ. ಜೌಗಿಗೆ ಹೋಗಬೇಕು ಅಂದರೆ ಈ ವರ್ಷದ ಸ್ಟ್ಯಾಂಪನ್ನೇ ಕೊಳ್ಳಬೇಕು. ಅದರ ಅವಧಿ ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಮೇ ತಿಂಗಳಲ್ಲಿ ಕೊಂಡು ಪಾಸ್ ಅಂತ ಇಟ್ಟುಕೊಂಡರೆ ಎರಡು ತಿಂಗಳೂ ಬರುವುದಿಲ್ಲ.