ಕತ್ತರಿಸಿದ ಓಮ್ನಿಯೂ ಲೋಡು ಹೊರುತ್ತೆ: ನನ್ನ ಅನುಭವ

ಮಾರುತಿ ಓಮ್ನಿ ವ್ಯಾನ್ ಕತ್ತರಿಸಿ ಪಿಕಪ್ ಮಾಡಿದರೆ ನಡು ಕುಸಿಯುತ್ತೆ, ಬಾಗಿಲು ಹಾಕೋಕೆ ಬರಲ್ಲ, ಎರಡು ವರ್ಷಕ್ಕೆ ಗುಜರಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ನನ್ನ ಗಾಡಿ ಎಂಟು ಮೂಟೆ ಸಿಮೆಂಟು, ಅಂದರೆ 400 ಕೆಜಿ, ಹೊತ್ತುಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತಿದೆ. ಮೇಲೆ ನಿಲ್ಲಿಸಿ ಎರಡೂ ಬಾಗಿಲು ತೆರೆದು ಮುಚ್ಚಿ ನೋಡಿದೆ. ಬೆರಳಲ್ಲಿ ತಳ್ಳಿದರೆ ಹಾಕಿಕೊಳ್ಳುತ್ತಿತ್ತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ 1991ರ ಮಾಡೆಲ್. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್. ಕರಾವಳಿಯಲ್ಲಿ ಯಾರೋ ಬಾಡಿ ಕಟ್ಟುವವರು ಹಿಂದಿನ ಅರ್ಧ ತೆಗೆದು ತೊಟ್ಟಿ ಕೂರಿಸಿದ್ದರು. ಆಮೇಲೆ ಅದು ಮೀನು ಹೊತ್ತಿದೆ. ಮೀನಿನ ಉಪ್ಪುನೀರು ತಗಡಿಗೆ ಏನು ಮಾಡುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸುಮಾರು 40 ಸಾವಿರಕ್ಕೆ ತಂದೆ. ಜಾಸ್ತಿ ಕೊಟ್ಟೆ ಅಂದವರೇ ಹೆಚ್ಚು. ಆದರೆ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬಾಡಿ ಪಿಕಪ್ ಅಂತಲೇ ದಾಖಲಾಗಿತ್ತು. ನಾನು ದುಡ್ಡು ಕೊಟ್ಟಿದ್ದು ಆ ಒಂದು ಸಾಲಿಗೆ. 2019ರಲ್ಲಿ ಸುಪ್ರೀಂ ಕೋರ್ಟು ತಯಾರಕರ ಮೂಲ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಅಂತ ತೀರ್ಪು ಕೊಟ್ಟಿದೆ. ಆರ್‌ಸಿಯಲ್ಲಿ ವ್ಯಾನ್ ಅಂತ ಇರುವ ಗಾಡಿಗೆ ಗ್ರೈಂಡರ್ ಹಚ್ಚಬೇಡಿ.

ಮೊದಲ ಸಲ ಚಾಸಿ ಕೆಲಸವನ್ನು ಹೆಸರಿದ್ದ ಒಬ್ಬ ವೆಲ್ಡರ್ ಹತ್ತಿರ ಮಾಡಿಸಿದೆ. ಓಮ್ನಿಯಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲ್ಛಾವಣಿ ಹೋದ ಮೇಲೆ ಉಳಿಯೋದು ತಟ್ಟೆಯಂಥ ತಳ, ಅದರ ಅಡಿಯ ಎರಡು ರೈಲು, ಅಂದರೆ ತಗಡಿನ ಉದ್ದನೆಯ ತೊಲೆ. ಅವರು ದಪ್ಪ ಬಾಕ್ಸ್ ಪೈಪು ತಂದು ಆ ರೈಲಿಗೆ ಉದ್ದಕ್ಕೂ ಬೆಸೆದರು. ನೋಡೋಕೆ ರೈಲ್ವೆ ಸೇತುವೆ ಹಾಗಿತ್ತು. ಹದಿನೈದು ಸಾವಿರ ಹತ್ತಿರ ಆಯಿತು. ನಾಲ್ಕೈದು ತಿಂಗಳಲ್ಲಿ ಸೀಟಿನ ಹಿಂದೆ, ಸರಿಯಾಗಿ ವೆಲ್ಡಿಂಗ್ ಮುಗಿಯುವ ಅಂಚಿನಲ್ಲಿ ರೈಲು ಸೀಳಿತು. ಸೀಳು ಮುಚ್ಚಿ ಇನ್ನೊಂದು ಪಟ್ಟಿ ಹಾಕಿದರು. ಅದರ ಪಕ್ಕದಲ್ಲೇ ಮತ್ತೆ ಸೀಳಿತು. ತೆಳು ತಗಡಿಗೆ 3 ಎಂಎಂ ಪೈಪು ಬೆಸೆದರೆ ಪೈಪು ಬಾಗಲ್ಲ. ಬಾಗೋದೆಲ್ಲ ವೆಲ್ಡಿಂಗ್ ಅಂಚಿಗೇ ಬರುತ್ತೆ. ಅಲ್ಲಿ ತಗಡು ಕಾದು ಮೊದಲೇ ಸತ್ವ ಕಳೆದುಕೊಂಡಿರುತ್ತೆ. ಇನ್ನೂ ದಪ್ಪ ಪೈಪು ಹಾಕಿಸಿ ಅಂತ ಸಲಹೆ ಕೊಟ್ಟವರು ಬಹಳ ಜನ. ದಪ್ಪ ಮಾಡಿದಷ್ಟೂ ಬೇಗ ಸೀಳುತ್ತೆ ಅಂತ ನನಗೆ ಅನ್ನಿಸಿತು. ಎಲ್ಲ ಕತ್ತರಿಸಿ ತೆಗೆದೆ.

ಆಮೇಲೆ ದೊಡ್ಡ ಲಾರಿಗಳ ಅಡಿಗೆ ತೂರಿ ನೋಡಿದೆ. ಲಾರಿ ಬಾಡಿಯನ್ನು ಚಾಸಿಗೆ ಉದ್ದಕ್ಕೂ ಬೆಸೆಯಲ್ಲ, ಅಲ್ವಾ? ಒಂದು ತುದಿ ಗಟ್ಟಿ, ಇನ್ನೊಂದು ತುದಿ ಮಿಸುಕಾಡುತ್ತೆ. ಅದನ್ನೇ ಚಿಕ್ಕದಾಗಿ ಮಾಡಿದೆ. 60x40 ಪೈಪಿನಲ್ಲಿ ಏಣಿಯಂತೆ ಒಂದು ಫ್ರೇಮು. ತೂಕ ಹೆಚ್ಚುಕಮ್ಮಿ 35 ಕೆಜಿ. ಹಿಂದೆ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗು) ಬಾಡಿಗೆ ಸಿಕ್ಕಿಸುವ ಹ್ಯಾಂಗರ್ ಇರುವ ಜಾಗಗಳಲ್ಲಿ ಮಾತ್ರ ಅದನ್ನು ಗಟ್ಟಿಯಾಗಿ ಬಿಗಿದೆ. ಅಲ್ಲೂ ವೆಲ್ಡಿಂಗ್ ಇಲ್ಲ. 10 ಎಂಎಂ ಹೈ ಟೆನ್ಸೈಲ್ ಬೋಲ್ಟು, ರೈಲಿನ ಹೊರಗೆ ಅಗಲವಾದ ಪ್ಲೇಟು, ಒಳಗೆ ಬೋಲ್ಟು ಹಾಯುವ, ಲೇತಿನಲ್ಲಿ ಮಾಡಿಸಿದ ಕೊಳವೆ, ಅಂದರೆ ಸ್ಲೀವು. ಸ್ಲೀವು ಇಲ್ಲದೆ ಬಿಗಿದರೆ ರೈಲು ಜಜ್ಜಿಹೋಗುತ್ತೆ. ಮುಂದಿನ ತುದಿ ರಬ್ಬರಿನ ಮೇಲೆ ಕೂತಿದೆ. ತೊಟ್ಟಿ ಈ ಫ್ರೇಮಿನ ಮೇಲೆ ಮಾತ್ರ. ಕ್ಯಾಬಿನ್ನಿಗೂ ತೊಟ್ಟಿಗೂ ಒಂದಿಂಚಿನಷ್ಟು ಸಂದಿ. ಲೋಡು ಫ್ರೇಮಿನಿಂದ ನೇರವಾಗಿ ಸ್ಪ್ರಿಂಗಿಗೆ ಇಳಿಯುತ್ತೆ, ತಗಡಿನ ಮೂಲಕ ಹಾಯೋದು ತೀರಾ ಕಡಿಮೆ. ಮುಂದಿನ ರಬ್ಬರು ಯಾವ ಗಾಡಿಯದು ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಅದನ್ನು ಹುಡುಕಲಿಕ್ಕೇ ನಾನು ಜಾಸ್ತಿ ಅಲೆದಿದ್ದು. ತೀರಾ ಮೆತ್ತಗಿದ್ದರೆ ತೊಟ್ಟಿ ಕುಣಿಯುತ್ತೆ, ಗಟ್ಟಿಯಿದ್ದರೆ ಬೆಸೆದ ಹಾಗೇ ಆಗುತ್ತೆ ಅಂತಷ್ಟೇ ಹೇಳುತ್ತೇನೆ.

ಕ್ಯಾಬಿನ್ ಹಿಂದಿನ ಗೋಡೆಯೂ ಮುಖ್ಯ. ಹಳಬರು ಅಲ್ಲಿ ಪ್ಲೈವುಡ್ ಹೊಡೆದಿದ್ದರು. ನಾನು 18 ಗೇಜ್ ತಗಡಿಗೆ ಉಬ್ಬುಗೆರೆ ಒತ್ತಿಸಿ, ಸುತ್ತ ರಂಧ್ರ ಕೊರೆದು, ಆ ರಂಧ್ರ ತುಂಬುವ ಹಾಗೆ ಪ್ಲಗ್ ವೆಲ್ಡ್ ಮಾಡಿದೆ. ಕ್ಯಾಬಿನ್ ಮತ್ತೆ ಆರೂ ಕಡೆ ಮುಚ್ಚಿದ ಡಬ್ಬಿಯಾಯಿತು. ನಂಬದವರಿಗೆ ಪರೀಕ್ಷೆ ಸುಲಭ. ಬಾಗಿಲ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ, ಖಾಲಿಯಲ್ಲಿ ಒಮ್ಮೆ, ಲೋಡಿನಲ್ಲಿ ಒಮ್ಮೆ. ಹಳೆಯ ವೆಲ್ಡಿಂಗ್ ಇದ್ದಾಗ ಐದಾರು ಎಂಎಂ ವ್ಯತ್ಯಾಸ ಬರುತ್ತಿತ್ತು. ಈಗ ಒಂದು ಎಂಎಂ ಬಂದರೆ ಹೆಚ್ಚು.

ಎಂಜಿನ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ನಡುವಿನ ಸಿಲಿಂಡರಿನ ಕಂಪ್ರೆಷನ್ ಬಿದ್ದುಹೋಗಿತ್ತು. ರೀಬೋರು (ಸಿಲಿಂಡರ್ ಕೊರೆಸೋದು), ಓವರ್‌ಸೈಜ್ ಪಿಸ್ಟನ್, ಬೇರಿಂಗು, ಹೆಡ್ ಫೇಸಿಂಗು (ಹೆಡ್ಡಿನ ಮುಖ ಸಮ ಮಾಡಿಸೋದು), ಎಲ್ಲ ಸೇರಿ 25 ಸಾವಿರ. ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆಯ ಕಾಂಟ್ಯಾಕ್ಟ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿದೆ. ಮಳೆಗಾಲದ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಇದರ ಬೆಲೆ ಗೊತ್ತಾಗುತ್ತೆ. ಕೂಲೆಂಟ್ ತುಂಬಿಸುವಾಗ ಮೂತಿ ಎತ್ತರಕ್ಕೆ ಜಾಕ್ ಕೊಡಿ. ಗಾಳಿ ಉಳಿದರೆ ಮೊದಲ ಘಾಟಿಯಲ್ಲೇ ಹೆಡ್ ಗ್ಯಾಸ್ಕೆಟ್ ಹೋಗುತ್ತೆ.

ಬ್ರೇಕಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ನನ್ನದರಲ್ಲಿ ಮುಂದೆಯೂ ಡ್ರಮ್ಮೇ ಇತ್ತು. ಲೋಡು ಹಾಕಿ ಘಾಟಿ ಇಳಿಯುವಾಗ ಪೆಡಲು ಮೆತ್ತಗಾಗಿ ಪ್ರಾಣ ಕೈಗೆ ಬರುತ್ತಿತ್ತು. ಹೊಸ ಮಾಡೆಲ್ ಓಮ್ನಿಯ ಡಿಸ್ಕು, ಹಬ್ಬು, ಮಾಸ್ಟರ್ ಸಿಲಿಂಡರು, ಬೂಸ್ಟರು ಪೂರ್ತಿ ಸೆಟ್ಟಾಗಿ ಗುಜರಿಯಲ್ಲಿ ಎಂಟು ಒಂಬತ್ತು ಸಾವಿರಕ್ಕೆ ಸಿಕ್ಕಿತು. ಬಿಡಿಬಿಡಿಯಾಗಿ ಕೊಂಡರೆ ಒಂದಕ್ಕೊಂದು ಕೂರಲ್ಲ. ರಬ್ಬರ್ ಕಿಟ್ ಹೊಸದೇ ಹಾಕಿ.

ಇದರ ನಡುವೆ ತುಕ್ಕು ತೆಗೆಯೋಕೆ ಜೋನಿ ಬೆಲ್ಲದ (ನೀರಾದ ಬೆಲ್ಲದ) ಪ್ರಯೋಗವೊಂದು ಮಾಡಿದೆ. ಹುಳಿಬಂದ ಒಂದು ಡಬ್ಬ ಮನೆಯಲ್ಲಿ ಬಿದ್ದಿತ್ತು. ಒಂದು ಪಾಲು ಬೆಲ್ಲಕ್ಕೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮು. ತುಕ್ಕು ಹಿಡಿದ ಕೀಲು, ಬ್ರಾಕೆಟ್ಟು, ಬೋಲ್ಟುಗಳನ್ನು ಅದರಲ್ಲಿ ಮುಳುಗಿಸಿಟ್ಟೆ. ಎರಡು ಮೂರು ವಾರಕ್ಕೆ ತುಕ್ಕು ಬಿಟ್ಟು ಬೂದು ಬಣ್ಣದ ಕಬ್ಬಿಣ ಹೊರಬಂತು. ಆಸಿಡ್ಡಿನ ಹಾಗೆ ಒಳ್ಳೆಯ ಲೋಹವನ್ನು ತಿನ್ನಲ್ಲ. ವಾಸನೆ ಜೋರು, ಇರುವೆ ಸಾಲುಗಟ್ಟುತ್ತೆ, ಮನೆಯಿಂದ ದೂರ ಇಡಿ. ಅಲ್ಯೂಮಿನಿಯಂ ಮಾತ್ರ ಹಾಕಬೇಡಿ, ಅದನ್ನು ತಿಂದುಹಾಕುತ್ತೆ. ತೊಳೆದ ತಕ್ಷಣ ಒರೆಸಿ ಪ್ರೈಮರ್ ಹೊಡೆಯಬೇಕು. ಅರ್ಧ ಗಂಟೆ ಬಿಟ್ಟರೆ ಮತ್ತೆ ಕೆಂಪು.

ತೊಟ್ಟಿಯ ತಳಕ್ಕೆ ಎಲ್ಲರೂ ಗೆರೆಗೆರೆ ಕಬ್ಬಿಣದ ಶೀಟು ಅಂದರು. ತೂಕ, ತುಕ್ಕು ಎರಡೂ ಬೇಡವಾಗಿತ್ತು. ಮತ್ತಿ ಮರದ ಹಲಗೆ ಹಾಕಿದೆ. ಹಲಗೆಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ), ಎರಡು ಕೋಟು. ನಮ್ಮ ಕಡೆ ಜಂತೆಗೂ ದೋಣಿಗೂ ಹಚ್ಚುವ ಅದೇ ಎಣ್ಣೆ. ಗೆದ್ದಲೂ ಇಲ್ಲ, ನೀರೂ ಕುಡಿಯಲ್ಲ. ಕೈಗವಸು ಹಾಕದೆ ಮುಟ್ಟಬೇಡಿ, ಚರ್ಮ ಸುಟ್ಟು ಬೊಬ್ಬೆ ಬರುತ್ತೆ. ಒಣಗೋಕೆ ಬಿಸಿಲು ಬೇಕು, ಹಾಗಾಗಿ ಮಾರ್ಚ್ ಏಪ್ರಿಲ್‌ನಲ್ಲೇ ಮುಗಿಸಿ. ಹಲಗೆ, ಎಣ್ಣೆ ಸೇರಿ ಏಳು ಸಾವಿರ ಇರಬಹುದು.

ಟಿಂಕರಿಂಗು, ಪೇಂಟಿಂಗು 35 ಸಾವಿರ. ಟೈರು 11 ಸಾವಿರ. ವೈರಿಂಗು ಆರು ಸಾವಿರ. ಆರ್‌ಸಿ ನವೀಕರಣಕ್ಕೆ ಹಿಂದೆ 600 ರೂಪಾಯಿ ಸಾಕಿತ್ತು. 2022ರ ಏಪ್ರಿಲ್‌ನಿಂದ ಹಳೆಯ ಕಾರುಗಳಿಗೆ ಅದು 5,000 ಆಗಿತ್ತು, ನಾನೂ ಅಷ್ಟೇ ಕಟ್ಟಿದ್ದು. ಕಳೆದುಹೋದ ಮೊದಲ ವೆಲ್ಡಿಂಗಿನ ದುಡ್ಡು, ಗಾಡಿಯ ಬೆಲೆ ಎಲ್ಲ ಸೇರಿಸಿದರೆ ಒಂದು ಲಕ್ಷದ ಅರವತ್ತೈದು ಸಾವಿರದ ಆಸುಪಾಸು. ನನ್ನ ಕೂಲಿ ಇದರಲ್ಲಿ ಇಲ್ಲ. 2016ರಲ್ಲಿ ಬಂದ ಮಾರುತಿಯ ಪುಟ್ಟ ಲಾರಿ ಸೂಪರ್ ಕ್ಯಾರಿಯೋ, ಹಳೆಯ ಟಾಟಾ ಏಸೋ ತಗೋಬಹುದಿತ್ತಲ್ಲ ಅಂತ ಕೇಳುತ್ತಾರೆ. ತಗೋಬಹುದಿತ್ತು. ಆದರೆ ನಮ್ಮ ತೋಟದ ಕಿರಿದಾದ ದಾರಿಯಲ್ಲಿ ಒಂದೇ ಸಲಕ್ಕೆ ತಿರುಗುವ ಗಾಡಿ ನನಗೆ ಬೇಕಿತ್ತು. ಅಡಿಕೆ ಮಂಡಿ ಹತ್ತಿರ ಒಬ್ಬರು ಎರಡು ಲಕ್ಷಕ್ಕೆ ಕೇಳಿದರು, ಕೊಡಲಿಲ್ಲ.

ಫ್ರೇಮಿನ ಬೋಲ್ಟುಗಳನ್ನು ಮೊದಲ ತಿಂಗಳು ವಾರಕ್ಕೊಮ್ಮೆ ಬಿಗಿಯಬೇಕು, ಆಮೇಲೆ ಸರ್ವಿಸಿಗೊಮ್ಮೆ ಸಾಕು. ಸದ್ಯ ಬಾಕಿ ಇರೋದು ಮುಂದಿನ ಎಡಗಡೆ ಚಕ್ರದ ಬೇರಿಂಗು. ಸದ್ದು ಶುರುವಾಗಿದೆ, ಮಳೆ ಹಿಡಿಯುವ ಮೊದಲು ಬದಲಿಸಬೇಕು.