ಅಥಾರಿಟೇರಿಯನ್ನೋ ಟೋಟಲಿಟೇರಿಯನ್ನೋ, ಗುರುತಿಸುವುದು ಹೀಗೆ

ಅಥಾರಿಟೇರಿಯನ್, ಟೋಟಲಿಟೇರಿಯನ್ ಎಂಬ ಎರಡು ಬಗೆಯ ನಿರಂಕುಶ ಆಡಳಿತಗಳ ವ್ಯತ್ಯಾಸ ಬರೆಯಿರಿ ಅಂದರೆ ನಮ್ಮ ಹುಡುಗರು ಮೊದಲು ಹೆಣ ಎಣಿಸುತ್ತಾರೆ. ಜಾಸ್ತಿ ಕೊಂದವನು ಟೋಟಲಿಟೇರಿಯನ್, ಕಡಿಮೆ ಕೊಂದವನು ಅಥಾರಿಟೇರಿಯನ್! ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುವ ನನಗೆ ಪ್ರತಿ ವರ್ಷ ಈ ಉತ್ತರಕ್ಕೆ ಕೆಂಪು ಗೆರೆ ಎಳೆಯುವುದೇ ಕೆಲಸ.

ಕೊಂದ ಲೆಕ್ಕ ಬಿಡಿ. ರಾಜಕೀಯದ ಗೊಡವೆಗೇ ಹೋಗದ ಒಬ್ಬ ಸಾಮಾನ್ಯನನ್ನು ನೋಡಿ. ಸರ್ಕಾರ ಅವನಿಂದ ಏನು ಕೇಳುತ್ತದೆ? "ಬಾಯಿ ಮುಚ್ಚಿಕೊಂಡು ಬಿದ್ದಿರು" ಅಂದರೆ ಅಥಾರಿಟೇರಿಯನ್. "ಬಾಯಿ ತೆರೆ, ಜೈಕಾರ ಹಾಕು, ಮನಸ್ಸಿನಲ್ಲೂ ಹಾಕು" ಅಂದರೆ ಟೋಟಲಿಟೇರಿಯನ್.

ಉತ್ತರ ಕೊರಿಯಾದಲ್ಲಿ ಮನೆ ಮನೆಯ ಗೋಡೆಯ ಮೇಲೂ ಕಿಮ್ ಇಲ್ ಸುಂಗ್, ಕಿಮ್ ಜಾಂಗ್ ಇಲ್ ಫೋಟೊ ಇರಲೇಬೇಕು. ಅದರ ಮೇಲೆ ಧೂಳು ಕೂತಿದೆಯಾ ಅಂತ ತಪಾಸಣೆಗೂ ಬರುತ್ತಾರೆ. ರೇಡಿಯೊ ಸರ್ಕಾರಿ ಸ್ಟೇಷನ್ನಿಗೇ ಫಿಕ್ಸ್. ಸುಮ್ನೆ ಇದ್ದುಬಿಡ್ತೀನಿ ಅಂದರೂ ಬಿಡುವುದಿಲ್ಲ.

ಇನ್ನೊಂದು, ಸರ್ಕಾರದ ಮುಷ್ಟಿಗೆ ಸಿಗದ ಸಂಸ್ಥೆ ಏನಾದರೂ ಉಳಿದಿದೆಯಾ ಹುಡುಕಿ. ಚಿಲಿಯಲ್ಲಿ 1973ರಲ್ಲಿ ಸೇನಾ ಮುಖ್ಯಸ್ಥ ಪಿನೊಚೆ ದಂಗೆ ಎದ್ದು ಅಧಿಕಾರ ಹಿಡಿದ. ಸತ್ತವರು, ಕಾಣೆಯಾದವರು ಸೇರಿ 3,000ಕ್ಕೂ ಹೆಚ್ಚು ಜನ. ಆದರೂ ಕ್ಯಾಥೊಲಿಕ್ ಚರ್ಚ್ 1976ರಲ್ಲಿ ಒಂದು ಕಚೇರಿ ತೆರೆದು, ಕಾಣೆಯಾದವರ ದಾಖಲೆ ಇಟ್ಟಿತು, ಅವರ ಮನೆಯವರಿಗೆ ವಕೀಲರನ್ನು ಕೊಟ್ಟಿತು. 1988ರ ಜನಮತದಲ್ಲಿ ಪಿನೊಚೆ ಸೋತ. ಅಷ್ಟು ರಕ್ತ ಹರಿಸಿದರೂ ಅದು ಅಥಾರಿಟೇರಿಯನ್ನೇ.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಬರುತ್ತದೆ: "ಸರ್, ನಮ್ಮ ನಿಜಾಮ ಯಾವುದ್ರಾಗ ಬರ್ತಾನ್ರಿ?" ಕೇಳಬೇಕಾದ ಪ್ರಶ್ನೆಯೇ. 1948ರವರೆಗೆ ಈ ಊರು ಅವನ ಆಳ್ವಿಕೆಯಲ್ಲಿತ್ತು. ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿಯ ಕಥೆ ಇಲ್ಲಿ ಇನ್ನೂ ಮನೆ ಮನೆಯಲ್ಲಿದೆ. ಆದರೆ ಶರಣಬಸವೇಶ್ವರರ ತೇರು, ಬಂದೇನವಾಜರ ಉರುಸು ಅವನ ಕಾಲದಲ್ಲೂ ಜನರವೇ ಆಗಿದ್ದವು. ಮನೆಯೊಳಗೆ ನುಗ್ಗಿ ನಂಬಿಕೆ ತಿದ್ದುವ ಪಕ್ಷ ಇರಲಿಲ್ಲ. ಆದ್ದರಿಂದ ಅದು ರಾಜಮನೆತನದ ನಿರಂಕುಶ ಆಳ್ವಿಕೆ, ಟೋಟಲಿಟೇರಿಯನ್ ಅಲ್ಲ. ಹೀಗೆ ಬರೆದರೆ ನಿಜಾಮನನ್ನು ಹೊಗಳಿದಂತೆ ಅಂತ ಕೆಲವರು ಸಿಟ್ಟಾಗುತ್ತಾರೆ. ಆಗಲಿ ಬಿಡಿ.

ಉದಾಹರಣೆ ಕೊಡುವಾಗ ದೇಶದ ಜೊತೆಗೆ ಕಾಲವನ್ನೂ ಬರೆಯಿರಿ. ಸ್ಪೇನ್ ಅಂದರೆ 1939ರಿಂದ 1975ರವರೆಗಿನ ಫ್ರಾಂಕೊ ಆಡಳಿತ. ಜುವಾನ್ ಲಿಂಝ್ ಎಂಬ ವಿದ್ವಾಂಸ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದು ಆ ಆಡಳಿತವನ್ನೇ ಉದಾಹರಣೆಯಾಗಿ ಇಟ್ಟುಕೊಂಡು. ಬರೀ "ಚೀನಾ" ಅಂತ ಬರೆದು ಬಿಟ್ಟರೆ, ಮಾವೋ ಕಾಲದ್ದೋ 1978ರ ಆರ್ಥಿಕ ಸುಧಾರಣೆಯ ನಂತರದ್ದೋ ಗೊತ್ತಾಗುವುದು ಹೇಗೆ? ನಾನಂತೂ ಅರ್ಧ ಮಾರ್ಕ್ಸ್ ಕಟ್ ಮಾಡುತ್ತೇನೆ.